ಕಹಿ ಒಡೆಯದಂತೆ

ಗುಲಾಬಿ ತಾಂಡೇಲ, ನಲವತ್ತೇಳು, ಖಾಲಿ ಹೊಟ್ಟೆ
ಎಂದು ಚೀಟಿ ಓದಿದಳು ಸಿಸ್ಟರ್, ಯಾರಿಗೋ.
ನನಗೆ ನಗು.
ಖಾಲಿಯಿದ್ದರೆ ಇಲ್ಲಿಗೇಕೆ ಬರುತ್ತಿದ್ದೆ?
ಸ್ಕ್ಯಾನಿಂಗ್ ಫೋಟೋದಲ್ಲಿ ನೋಡಿದ್ದೇನೆ ನಾನೇ:
ಕಪ್ಪು ಚೀಲ, ಅದರೊಳಗೆ ಬಿಳಿ ಕಲ್ಲು,
ಒಂದೊಂದರ ಬೆನ್ನಿಗೂ ಒಂದೊಂದು ನೆರಳು.

ಮೂರು ವರ್ಷ ಅದನ್ನು ಗ್ಯಾಸು ಎಂದೆ,
ಸೋಡಾ ಕುಡಿದೆ, ಓಮ ಅಗಿದೆ.
ಗಿರಾಕಿಗಳ ಮೇಲೆ ರೇಗಿದಾಗ
ಇವಳಿಗೆ ಪಿತ್ತ ನೆತ್ತಿಗೇರಿದೆ ಎಂದರು ಮಾರ್ಕೆಟ್ಟಿನವರು.
ನೆತ್ತಿಗೆಲ್ಲಿ ಏರುತ್ತದೆ,
ಚೀಲದ ಕೊರಳಿಗೇ ಕಲ್ಲು ಸಿಕ್ಕಿಕೊಂಡಿತ್ತು.

ಡಾಕ್ಟರ್ ಪೆಡ್ನೇಕರ್ ಕಾಗದದಲ್ಲೊಂದು ಹೊಟ್ಟೆ ಬರೆದು
ನಾಲ್ಕು ಚುಕ್ಕೆ ಇಟ್ಟರು.
ಹೊಕ್ಕುಳದ್ದು ಕ್ಯಾಮೆರಾಕ್ಕೆ, ಉಳಿದವು ಕೈಗಳಿಗೆ.
ಗಾಳಿ ತುಂಬಿ ಹೊಟ್ಟೆ ಉಬ್ಬಿಸುತ್ತೇವೆ,
ಒಳಗೆ ಕೆಲಸಕ್ಕೆ ಜಾಗ ಬೇಕಲ್ಲ.
ಸೀಳುವುದಿಲ್ಲವೇ?
ಸೀಳುವುದಿಲ್ಲ.
ಗೊತ್ತು ಡಾಕ್ಟರೇ, ಎಂದೆ,
ಮಸಾಲೆ ತುಂಬಿ ಹುರಿಯುವ ಬಂಗಡೆಗೆ
ನಾವೂ ಹೊಟ್ಟೆ ಸೀಳುವುದಿಲ್ಲ.
ಕಿವಿರಿನ ಸಂದಿಯಲ್ಲಿ ಎರಡು ಬೆರಳು, ಒಂದೇ ಎಳೆತ,
ಒಳಗಿನದೆಲ್ಲ ಹೊರಗೆ.
ಆದರೆ ಕಹಿ ಒಡೆಯಬಾರದು.
ಅವರು ಪೆನ್ನು ಕೆಳಗಿಟ್ಟರು.
ಅದೇ, ಎಂದರು. ಇರುವ ಕೆಲಸ ಅದೊಂದೇ.

ಇಪ್ಪತ್ತೆಂಟು ವರ್ಷ ಮೆಟ್ಟುಗತ್ತಿಯ ಮುಂದೆ ಕೂತವಳು.
ಇಸ್ವಾಣದಲ್ಲಿ ಅದು ದಾರದಂತೆ ಉದ್ದ,
ತಾಂಬೋಸಿಯಲ್ಲಿ ಹುಣಸೆಬೀಜದಷ್ಟು ಗುಂಡಗೆ,
ಹಸಿರು, ತೆಳ್ಳಗೆ, ಉಸಿರು ತಾಗಿದರೂ ಹರಿದೀತು.
ಕಣ್ಣು ಗಿರಾಕಿಯ ಮೇಲಿದ್ದರೂ
ಬೆರಳು ಅದನ್ನು ಸುತ್ತುಹಾಕಿಯೇ ಹೋಗುತ್ತದೆ.

ಮೇಜು ತಣ್ಣಗಿತ್ತು, ಬಂದರಿನ ಐಸಿನ ಹಾಗೆ.
ಹತ್ತರಿಂದ ಹಿಂದಕ್ಕೆ ಎಣಿಸಿ, ಎಂದರು.
ಬುಟ್ಟಿ ಲೆಕ್ಕದವಳಿಗೆ ಹಿಂದಕ್ಕೆ ಎಣಿಸಿ ರೂಢಿಯಿಲ್ಲ,
ಏಳಕ್ಕೇ ತಪ್ಪಿತು.

ಎಚ್ಚರಾದಾಗ ನೋವು ಹೊಟ್ಟೆಯಲ್ಲಲ್ಲ, ಬಲ ಹೆಗಲಲ್ಲಿ.
ಒಳಗುಳಿದ ಗಾಳಿಯಮ್ಮಾ, ಎರಡು ದಿನ ಇರುತ್ತದೆ,
ಎಂದಳು ಫಿಲೋಮಿನಾ ಸಿಸ್ಟರ್.
ಬೈತಖೋಲದಿಂದ ಪೇಟೆವರೆಗೆ
ಐಸುನೀರು ಸೋರುವ ಬುಟ್ಟಿ ಹೊತ್ತು ನೋಯದ್ದು
ಬರೀ ಗಾಳಿಗೆ ಸೋತಿತು.

ಒಡೆಯಿತೇ? ಅದೇ ನನ್ನ ಮೊದಲ ಮಾತು.
ಡಾಕ್ಟರು ಸುಳ್ಳು ಹೇಳಲಿಲ್ಲ.
ಸ್ವಲ್ಪ. ಬಿಡಿಸುವಾಗ ಜಿನುಗಿತು.
ಮೂರು ಸಲ ತೊಳೆದೆವು,
ಆಮೇಲೆ ಚೀಲವನ್ನೇ ಇನ್ನೊಂದು ಚೀಲಕ್ಕೆ ಹಾಕಿ
ಹೊಕ್ಕುಳಿಂದ ತೆಗೆದೆವು.
ಸಾಕು, ತೊಳೆದಿರಲ್ಲ, ಎಂದೆ.
ಕಹಿ ತಾಗಿದ ಮೀನನ್ನು ನಾವು ಮಾರುವುದಿಲ್ಲ.
ಉಪ್ಪು ಹುಣಸೆ ಹಚ್ಚಿ ತಿಕ್ಕಿ
ಮನೆಗೇ ಒಯ್ಯುತ್ತೇವೆ.

ಮರುದಿನ ಮಧ್ಯಾಹ್ನ ನನ್ನನ್ನೂ ಮನೆಗೆ ಕಳಿಸಿದರು.
ಜೊತೆಗೊಂದು ಸಣ್ಣ ಬಾಟಲಿ. ಮಗಳು ಎಣಿಸಿದಳು: ಹದಿನಾಲ್ಕು.

ಅಮ್ಮನಿಗೂ ಇದೇ ಕಲ್ಲು.
ಅವಳನ್ನು ಹುಬ್ಬಳ್ಳಿಗೆ ಒಯ್ದು ಪಕ್ಕೆಯಡಿ ಗೇಣುದ್ದ ಸೀಳಿದ್ದರು,
ಹರಿದ ಬಲೆಗೆ ಹಾಕಿದ ಹಾಗೆ ಹೊಲಿಗೆ.
ಮೂರು ತಿಂಗಳು ಯಾರೂ ಬುಟ್ಟಿ ಮುಟ್ಟಗೊಡಲಿಲ್ಲ.
ಸೆರಗು ಸರಿಸಿ ತೋರಿಸಿದರೆ ಸಾಕು,
ಅಜ್ಜಿಯೂ ಸುಮ್ಮನಾಗಿ ಬಾವಿಗೆ ಹೋಗುತ್ತಿದ್ದಳಂತೆ.

ನನ್ನ ನಾಲ್ಕು ಚುಕ್ಕೆ ನೋಡಿ ಪಕ್ಕದ ಮನೆ ಶೇವಂತಿ:
ಇಷ್ಟೇನಾ ಮಾರಾಯ್ತಿ? ಸೊಳ್ಳೆ ಕಚ್ಚಿದ ಹಾಗಿದೆ.
ಐದನೇ ದಿನಕ್ಕೆ ಗಂಡ:
ನಾಳೆ ಬೋಟು ಬರುತ್ತವೆ, ಹೋಗ್ತೀಯಲ್ಲ?
ಗಾಯ ಸಣ್ಣದಾದರೆ ರಜೆಯೂ ಸಣ್ಣದು.
ಗೋಡೆಗೆ ತಿರುಗಿ ಮಲಗಿದೆ.
ಹೊಲಿಗೆಗಿಂತ ಹೆಚ್ಚು ಚುಚ್ಚಿದ್ದು ಆ ‘ಹೋಗ್ತೀಯಲ್ಲ’.

ಹನ್ನೆರಡನೇ ದಿನ ಹೋಗಿ ಕೂತೆ.
ಮೊದಲ ಬೋಣಿ ತಾಂಬೋಸಿ, ಎರಡು ಕೆ.ಜಿ.
ಒಳಗೆ ಬೆರಳಿಟ್ಟೆ.
ಅಲ್ಲಿತ್ತು ಹಸಿರು ಗುಳ್ಳೆ,
ನನ್ನಲ್ಲಿ ಈಗ ಇಲ್ಲದ್ದು,
ತನ್ನ ಜಾಗದಲ್ಲಿ ತಣ್ಣಗೆ, ಪೂರ್ತಿಯಾಗಿ.
ಬೆರಳು ನಿಂತಿತು.
ಗಿರಾಕಿ ಬೈಕಿನ ಕೀಲಿ ಕುಣಿಸುತ್ತಾ,
ಬೇಗ ಬೇಗ ಅಮ್ಮಾ, ಆಫೀಸಿಗೆ ಹೊತ್ತಾಯ್ತು.

ತಡಿಯಪ್ಪಾ, ಎಂದೆ.
ಕೈ ಒಳಗಿದೆ.